ಅರ್ಧ ಗಂಟೆ ಮುಂದೆ

ಸ್ಟೇಟ್‌ಬ್ಯಾಂಕಿನಲ್ಲಿ ನನ್ನದೊಂದು ಕಾಲು ಮುರಿದ ಕುರ್ಚಿ,
ಒಂದು ಸೀಟಿ, ಗೀಟೆಳೆದ ಉದ್ದ ಪುಸ್ತಕ.
ಐವತ್ತೊಂದು ಬಿ ಏಳು ಇಪ್ಪತ್ತೆರಡಕ್ಕೆ ಹೊರಡಬೇಕು,
ಇಪ್ಪತ್ತಮೂರಾದರೆ ಹಿಂದಿನ ಬಸ್ಸಿನವ ಜಗಳಕ್ಕೆ ನಿಲ್ಲುತ್ತಾನೆ.
ನಿಮಿಷಕ್ಕೆ ಇಷ್ಟೆಂದು ದಂಡ.
ಮೂವತ್ತೊಂದು ವರ್ಷ ಆಯಿತು
ತಡವಾದವರ ಲೆಕ್ಕ ಬರೆಯಲು ಹಿಡಿದು.

ದೇರಳಕಟ್ಟೆ, ದೇರ್ಲಕಟ್ಟೆ, ದೇರ್ಳಟ್ಟೆ
ಎಂದು ಕಂಡಕ್ಟರ್ ಊರಿನ ಹೆಸರು ಅಗಿಯುವಾಗ
ಬಿಳಿಕೋಟು ತೋಳಿಗೆ ನೇತುಹಾಕಿದ ಮಕ್ಕಳು ಹತ್ತುತ್ತಾರೆ.
ಅವರನ್ನು ಕಾಲೇಜಿಗೆ ಮುಟ್ಟಿಸುವ ಬಸ್ಸು ಬಿಡುವವ ನಾನೇ.
ನನ್ನ ಹರ್ಷಲಾಳನ್ನು ಮಾತ್ರ
ಬಿಷ್ಕೆಕ್ಕಿಗೆ ಕಳಿಸಬೇಕಾಯಿತು.
ಸೀಟಿ ಬಾಯಲ್ಲೇ ಇತ್ತು;
ಇಲ್ಲಿಯ ಸೀಟಿನ ರೇಟು ಕೇಳಿದ ಮೇಲೆ
ಊದಲಿಕ್ಕೆ ಉಸಿರು ಬರಲಿಲ್ಲ.

ಅಲ್ಲಿ ನಮಗಿಂತ ಅರ್ಧ ಗಂಟೆ ಮುಂದೆ.
ಇಲ್ಲಿ ಏಳೂವರೆ ಎಂದರೆ ಅಲ್ಲಿ ಎಂಟು,
ಅವಳ ಕ್ಲಾಸಿನ ಬಾಗಿಲು ಮುಚ್ಚುವ ಹೊತ್ತು.
ಹಾಗಾಗಿ ಏಳೂವರೆಯ ಬಸ್ಸಿಗೆ ಊದುವಾಗ
ಸ್ವಲ್ಪ ಜೋರು, ಸ್ವಲ್ಪ ಉದ್ದ ಊದುತ್ತೇನೆ.
ಯಾಕೆಂದು ಯಾರಿಗೂ ಹೇಳಿದ್ದಿಲ್ಲ.

ಅಲ್ಲಿಯ ಹಾಜರಿಯ ಸಂಗತಿ ಅವಳು ವಿವರಿಸಿದಾಗ
ನನಗೆ ಕೂಡಲೇ ಅರ್ಥವಾಯಿತು, ಇವಳಿಗೆ ಆಗಲಿಲ್ಲ.
ಬಾರದವರ ಹೆಸರಿನ ಮುಂದೆ ಎಚ್ ಹಾಕುತ್ತಾರಂತೆ.
ಎಚ್ ಅಂದರೆ ಹಾಜರ್ ಅಲ್ವಾ?
ಅಲ್ಲ ಅಮ್ಮ, ಕಾಣಲಿಕ್ಕೆ ಎಚ್,
ಅವರ ಲಿಪಿಯಲ್ಲಿ ಅದು ಎನ್. ಇರಲಿಲ್ಲ ಅಂತ.
ಒಂದು ಬಿದ್ದರೂ ಸಂಜೆ ಹೋಗಿ ದುಡಿದು ತೀರಿಸಬೇಕು:
ಅದೇ ಪಾಠ, ಅದೇ ತೊಡೆಯೆಲುಬು,
ಅದೇ ಮೇಡಮಿನ ಎದುರು ನಿಂತು ಒಪ್ಪಿಸಬೇಕು.
ಜ್ವರವಾಗಿದ್ದರೆ ಜ್ವರದ ಕಾಗದ,
ಕಾಗದಕ್ಕೆ ಗುಂಡು ಮೊಹರು, ಮೊಹರಿನ ಮೇಲೆ ಸಹಿ.
ತೀರಿಸದೆ ಪರೀಕ್ಷೆಗೆ ಕೂರುವ ಹಾಗಿಲ್ಲ.

ಒಳ್ಳೆಯ ಪದ್ಧತಿ, ಎಂದೆ.
ನಮ್ಮಲ್ಲಿ ತಪ್ಪಿದ ಟ್ರಿಪ್ಪು ತಪ್ಪಿದ್ದೇ,
ರಾತ್ರಿ ಖಾಲಿ ರಸ್ತೆಯಲ್ಲಿ ಮತ್ತೆ ಓಡಿಸಲಿಕ್ಕುಂಟಾ?

ನವೆಂಬರಿನ ಒಂದು ಮಂಗಳವಾರ ಫೋನು.
ಅಪ್ಪಾ, ಇವತ್ತು ನನಗೆ ಎಚ್ ಬಿತ್ತು.
ಹುಷಾರಿಲ್ವಾ?
ಹುಷಾರುಂಟು.
ಬಸ್ಸು ತಪ್ಪಿತಾ?
ಇಲ್ಲ. ಸ್ಟಾಪಿನಲ್ಲೇ ಇದ್ದೆ. ಹಿಮ ಬೀಳ್ಳಿಕ್ಕೆ ಶುರುವಾಯಿತು.
ಬಸ್ಸು ಬಂತು, ಬಾಗಿಲು ತೆರೆಯಿತು, ನಾನು ಹತ್ತಲಿಲ್ಲ.
ಇನ್ನೊಂದು ಬಂತು. ಅದಕ್ಕೂ ಹತ್ತಲಿಲ್ಲ.
ಎಷ್ಟು ಹೊತ್ತು ನಿಂತಿದ್ದೆ?
ನೋಡ್ಲಿಲ್ಲ ಅಪ್ಪಾ.

ನೋಡಲಿಲ್ಲ! ಟೈಮ್‌ಕೀಪರ್ ವಾಮನ ಕೋಟ್ಯಾನನ ಮಗಳು!

ಕುತ್ತಾರಿನಲ್ಲಿ ಮಾರಿದ ಐದು ಸೆಂಟ್ಸು,
ಸೊಸೈಟಿಯ ಸಾಲ, ಇವಳ ಬರಿದಾದ ಕೈ
ಎಲ್ಲ ಗಂಟಲಿನ ಹತ್ತಿರ ಕ್ಯೂ ನಿಂತವು.
ಹೊರಗೆ ಬಂದದ್ದು ಬೇರೆಯೇ:
ಹೇಗುಂಟು ಅದು, ಬೀಳುವಾಗ?
ಅವಳು ಸ್ವಲ್ಪ ಯೋಚಿಸಿದಳು.
ಕಾಯಿ ತುರಿದ ಹಾಗೆ ಅಪ್ಪಾ.
ಆದರೆ ಮಣೆಯ ಸದ್ದಿಲ್ಲ.

ಮರುದಿನ ಬೆಳಿಗ್ಗೆ ಉಳ್ಳಾಲದ ನಲವತ್ನಾಲ್ಕು
ನಾಲ್ಕು ನಿಮಿಷ ತಡ.
ಡ್ರೈವರ್ ಡೆನ್ಜಿಲ್ ಕಿಟಕಿಯಿಂದ ತಲೆ ಹಾಕಿ
ಬರೆಯಿರಿ ಅಣ್ಣೆರೇ, ಬರೆಯಿರಿ, ಎಂದ.
ಎಂತ ಆಯಿತು ಮಾರಾಯ, ಎಂದು ಕೇಳಿದೆ.
ಅವನು ಗಾಬರಿಬಿದ್ದ.
ಸಂಕದಲ್ಲಿ ಬ್ಲಾಕು, ಟಯರು, ಚಿಲ್ಲರೆ
ಎಲ್ಲ ಕಾರಣ ಅವನಲ್ಲಿ ತಯಾರಿತ್ತು ಇಷ್ಟು ವರ್ಷ;
ಕೇಳಿದವರಿರಲಿಲ್ಲ.
ಎಂತ ಇಲ್ಲ ಅಣ್ಣೆರೇ, ಎಂದ ಮೆಲ್ಲಗೆ. ಸುಮ್ಮನೆ ತಡವಾಯಿತು.

ದಂಡ ಬರೆದೆ. ಬರೆಯದೆ ಆಗುವುದಿಲ್ಲ.
ಮತ್ತೆ ಪೆನ್ಸಿಲು ಹುಡುಕಿ
ಅಂಚಿನಲ್ಲಿ ಸಣ್ಣದಾಗಿ ಒಂದು ಎಚ್.
ತಿಂಗಳ ಕೊನೆಗೆ ಧನಿಗಳು ಬೆರಳಿಟ್ಟು ಕೇಳಿದರೆ
ಹಾಜರ್ ಎಂದರಾಯಿತು.